ಗಿರಾಕಿಗೆ ಕಚ್ಚುವುದು ಅಂಗಡಿಯದೇ ಸೊಳ್ಳೆ!

ಸಕಲೇಶಪುರದಲ್ಲಿ ಬಸ್ಸಿಗೆ ಕಾಯುತ್ತಾ ಹಾಡುಹಗಲೇ ಕಾಲು ಕೆರೆದುಕೊಳ್ಳುವವರು "ಹೊಳೆ ಪಕ್ಕದ ಊರಲ್ವೇ, ಸೊಳ್ಳೆ ಇದ್ದೇ ಇರುತ್ತೆ" ಎಂದು ಹೇಮಾವತಿಯನ್ನು ಬೈಯುವುದುಂಟು. ಹೊಳೆಯದು ಇದರಲ್ಲಿ ಏನೂ ತಪ್ಪಿಲ್ಲ. ಹಗಲು ಹೊತ್ತು ಕಚ್ಚುವ, ಕರಿ ಮೈಮೇಲೆ ಬಿಳಿ ಪಟ್ಟೆಯ ಈಡಿಸ್ ಸೊಳ್ಳೆ ಹರಿಯುವ ನೀರಿನ ಕಡೆ ತಲೆ ಹಾಕುವುದೇ ಇಲ್ಲ. ಅದು ಹುಟ್ಟುವುದು ಬಿ.ಎಂ. ರಸ್ತೆಯ ಅಂಗಡಿಗಳ ಹಿತ್ತಲಲ್ಲಿ. ಡೆಂಗ್ಯೂ, ಚಿಕುನ್‌ಗುನ್ಯ ಎರಡನ್ನೂ ಹರಡುವ ಪುಣ್ಯಾತ್ಮ ಇದೇ.

ಹಿಂದೆ ಮಲೆನಾಡು ಎಂದರೆ ಮಲೇರಿಯ ಜ್ವರ. ಅದನ್ನು ತರುತ್ತಿದ್ದ ಸೊಳ್ಳೆ ಕಾಡಂಚಿನ ಝರಿ, ತೊರೆಗಳಲ್ಲಿ ಬೆಳೆದು ರಾತ್ರಿ ಕಚ್ಚುತ್ತಿತ್ತು. ಈಗಿನದು ಪೇಟೆ ಸೊಳ್ಳೆ. ಇದಕ್ಕೆ ಬೇಕಾದ್ದು ಒಂದು ಬೊಗಸೆ ನಿಂತ ನೀರು, ಅಷ್ಟೇ.

ಅಂಥ ನೀರು ಎಲ್ಲೆಲ್ಲಿದೆ? ಪಂಕ್ಚರ್ ಅಂಗಡಿಯಿಂದಲೇ ಶುರು ಮಾಡಿ. ಟ್ಯೂಬು ಅದ್ದುವ ತೊಟ್ಟಿಯ ನೀರು ದಿನವೂ ಕಲಕುತ್ತದೆ. ಹಿಂದೆ ರಾಶಿ ಬಿದ್ದ ಹಳೇ ಟಯರುಗಳದ್ದೇ ತಾಪತ್ರಯ. ಟಯರನ್ನು ಹೇಗೆ ಮಗುಚಿದರೂ ಹೊಟ್ಟೆಯಲ್ಲಿ ನೀರು ಉಳಿಯುತ್ತದೆ. ಮುಂದೆ ಎಳನೀರಿನವನ ಬುರುಡೆ ರಾಶಿ. ಹೋಟೆಲಿನ ಹಿತ್ತಲಲ್ಲಿ ಮುಚ್ಚಳ ಕಳೆದ ಡ್ರಮ್ಮು, ಫ್ರಿಜ್ಜಿನ ಹಿಂಬದಿಯ ತಟ್ಟೆ. ನರ್ಸರಿಯಲ್ಲಿ ಕುಂಡದಡಿಯ ತಟ್ಟೆ. ಕಟ್ಟಡ ಕೆಲಸದ ಜಾಗದಲ್ಲಿ ಸಿಮೆಂಟಿನ ತೊಟ್ಟಿ. ಮಳೆಗೆಂದು ಕಟ್ಟಿದ ಟಾರ್ಪಾಲು ಜೋತುಬಿದ್ದರೆ ಅಲ್ಲೂ ಒಂದು ಪುಟ್ಟ ಕೆರೆ!

"ನಮ್ದು ಶುದ್ಧ ನೀರು ಸ್ವಾಮಿ, ಸೊಳ್ಳೆ ಇರೋದು ಮೋರೀಲಿ" ಎನ್ನುವವರಿದ್ದಾರೆ. ಮೋರಿಯ ಕೊಳಕು ನೀರಿನಲ್ಲಿ ಬೆಳೆಯುವ ಸೊಳ್ಳೆ ಬೇರೆ ಜಾತಿಯದು, ಅದು ರಾತ್ರಿ ಪಾಳಿಯದು. ಡೆಂಗ್ಯೂ ಸೊಳ್ಳೆಗೆ ತಿಳಿನೀರೇ ಇಷ್ಟ. ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅದು ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಸಾಯುವುದಿಲ್ಲ, ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರು ತುಂಬಿತೋ, ಎಂಟು-ಹತ್ತು ದಿನದಲ್ಲಿ ಸೊಳ್ಳೆ ಸಿದ್ಧ. ಪುನರ್ವಸು, ಪುಷ್ಯದ ಮಳೆ ಎಡೆಬಿಡದೆ ಸುರಿಯುವಾಗ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ಹೊಳವಾದ ನಾಲ್ಕಾರು ದಿನಗಳೇ ಅವಕ್ಕೆ ಸುಗ್ಗಿ.

ಇನ್ನೊಂದು ಮಾತು. ಈ ಸೊಳ್ಳೆ ಬಹುದೂರ ಹಾರುವುದಲ್ಲ. ಹುಟ್ಟಿದ ಜಾಗದಿಂದ ಒಂದೆರಡು ಫರ್ಲಾಂಗಿನೊಳಗೇ ಅದರ ಸಂಸಾರ. ಅಂದರೆ ಅಂಗಡಿಯ ಹಿತ್ತಲಲ್ಲಿ ಹುಟ್ಟಿದ್ದು ಮೊದಲು ಕಚ್ಚುವುದು ಅಂಗಡಿಯ ಹುಡುಗನಿಗೆ, ಆಮೇಲೆ ಗಿರಾಕಿಗೆ, ಎದುರು ಬಸ್ಸಿಗೆ ನಿಂತ ಶಾಲೆ ಮಕ್ಕಳಿಗೆ. 2024ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯಿಂದ ಡೆಂಗ್ಯೂಗೆ ಮಕ್ಕಳು ಬಲಿಯಾದ ಸುದ್ದಿ ಬಂದದ್ದನ್ನು ಯಾರೂ ಮರೆತಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಸಾರಿ ದಂಡದ ನಿಯಮ ತಂದಿತು. ಸೊಳ್ಳೆಗೆ ಆಸರೆ ಕೊಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ, ಹೋಟೆಲಿಗೆ 1000 ಮತ್ತು 500. ಕಟ್ಟಡದ ಜಾಗ, ಖಾಲಿ ನಿವೇಶನಕ್ಕೆ 2000 ಮತ್ತು 1000. ಪಂಕ್ಚರ್ ಅಂಗಡಿ, ಎಳನೀರು ಮಾರುವವರು, ನರ್ಸರಿ, ಹೋಂಸ್ಟೇ ಎಲ್ಲವೂ ಅಂಗಡಿಗಳ ಪಟ್ಟಿಯಲ್ಲಿ ಹೆಸರು ಹಿಡಿದೇ ಸೇರಿವೆ.

ಆದರೆ ಎಳನೀರಿನವನಿಗೆ ಸಾವಿರ ಎಂದರೆ ದಿನದ ದುಡಿಮೆಯೇ ಹೋದಂತೆ. ಬುರುಡೆ ಒಯ್ಯುವ ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಅವನೇಕೆ ರಾಶಿ ಹಾಕಿಕೊಂಡು ಕೂರುತ್ತಾನೆ? ನಲ್ಲಿಯಲ್ಲಿ ನಂಬಿಕೆಯಿಂದ ನೀರು ಬಂದರೆ ಹೋಟೆಲಿನವರು ಡ್ರಮ್ಮು ತುಂಬಿಡುವುದೇಕೆ? ದಂಡದ ರಸೀದಿ ಹರಿಯುವ ಕೈ ಇವೆರಡನ್ನೂ ನೋಡಬೇಕು. ಇನ್ನು ಹೊಗೆ ಹೊಡೆಯುವುದರಿಂದ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ಟಯರಿನೊಳಗಿನ ಮರಿಗೆ ಹೊಗೆ ತಾಗುವುದೇ ಇಲ್ಲ.

ಈ ಪಾಠ ಹೊಸದೂ ಅಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್‌ಗೆ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯಾಚೆಯ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿ ಮಗುಚಿದ್ದೇ ತಡ, ಕಾಟ ತಗ್ಗಿತು. ಮಲೇರಿಯಕ್ಕೆ ಸೊಳ್ಳೆಯೇ ಕಾರಣವೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದು, 1902ರಲ್ಲಿ ನೊಬೆಲ್ ಪಡೆದವರೂ ಇವರೇ.

ಆಲೂರಾಗಲಿ ಸಕಲೇಶಪುರವಾಗಲಿ, ವರ್ತಕರು ಮಾಡಬೇಕಾದ್ದು ಇಷ್ಟೇ. ಸಂತೆಯ ಮಾರನೆಯ ದಿನವೋ ರಜದ ದಿನವೋ, ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಒಳಗೋಡೆಯನ್ನು ನಾರು ಹಾಕಿ ತಿಕ್ಕಬೇಕು, ಬಿಗಿಯಾಗಿ ಮುಚ್ಚಬೇಕು. ಟಯರು ಸೂರಿನಡಿಗೆ ಹೋಗಲಿ. ಬುರುಡೆ ಸೀಳಿ ಹಾಕಲಿ. ಚೆಲ್ಲಲಾಗದ ತೊಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಟ್ಟರೆ ಮರಿಗಳ ಲೆಕ್ಕ ಅವೇ ಚುಕ್ತಾ ಮಾಡುತ್ತವೆ. ಅರ್ಧ ಗಂಟೆಯ ಕೆಲಸ. ಅದು ಬೇಡವೆಂದರೆ ಅಂಗಡಿ ಹುಡುಗ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗುತ್ತಾನೆ. ಗಲ್ಲಾದಲ್ಲಿ ಕೂರುವವರು ಲೆಕ್ಕ ಹಾಕಿಕೊಳ್ಳಲಿ.