ನಮಸ್ಕರಿಸಿದರೆ ಬಲಗುಂದುವ ಜಲಭೂತ

ಜಪಾನಿನ ನದಿ, ಕೆರೆಗಳ ಮಡುವಿನಲ್ಲಿ ವಾಸಿಸುತ್ತದೆಂದು ಅಲ್ಲಿನ ಜನಪದರು ನಂಬಿದ್ದ ‘ಕಪ್ಪ’ ಎಂಬ ಜಲಭೂತವು ಮಗುವಿನಷ್ಟು ಎತ್ತರವಿದ್ದು, ಬೆನ್ನಿಗೆ ಆಮೆಯ ಚಿಪ್ಪನ್ನೂ ಬಾಯಿಯ ಜಾಗದಲ್ಲಿ ಕೊಕ್ಕನ್ನೂ ಪಡೆದಿರುತ್ತದೆ. ನೆತ್ತಿಯ ಮೇಲಿನ ತಟ್ಟೆಯಂತಹ ತಗ್ಗಿನಲ್ಲಿ ನಿಂತ ನೀರೇ ಇದರ ಬಲದ ಮೂಲವಾದ್ದರಿಂದ, ಎದುರಾದವರು ತಲೆಬಾಗಿ ವಂದಿಸಿದರೆ ಶಿಷ್ಟಾಚಾರ ಮೀರದ ಕಪ್ಪವೂ ಪ್ರತಿವಂದನೆಗೆ ಬಾಗಿ, ನೀರೆಲ್ಲ ಚೆಲ್ಲಿಹೋಗಿ ನಿಶ್ಶಕ್ತವಾಗುತ್ತದೆ ಎಂದು ಕಥೆಗಳು ಹೇಳುತ್ತವೆ. ಮಕ್ಕಳನ್ನೂ ಕುದುರೆಗಳನ್ನೂ ನೀರಿಗೆಳೆಯುವ ಈ ಕ್ರೂರ ಭೂತವೇ, ಕತ್ತರಿಸಿಹೋದ ತನ್ನ ಕೈಯನ್ನು ಮರಳಿ ಪಡೆಯುವುದಕ್ಕಾಗಿ ಮುರಿದ ಮೂಳೆ ಕೂಡಿಸುವ ವಿದ್ಯೆಯನ್ನು ಮನುಷ್ಯರಿಗೆ ಕಲಿಸಿತೆಂದೂ ಹೇಳುವ ಕಥೆಗಳಿರುವುದು ಜನಪದ ಕಲ್ಪನೆಯ ಔದಾರ್ಯಕ್ಕೆ ನಿಜಕ್ಕೂ ಸಾಕ್ಷಿಯಾಗಿದೆ. ಕಪ್ಪಕ್ಕೆ ಸೌತೆಕಾಯಿ ಬಲು ಪ್ರಿಯವಾದ್ದರಿಂದ, ಅನ್ನದ ನಡುವೆ ಸೌತೆಕಾಯಿಯಿಟ್ಟು ಸಮುದ್ರಪಾಚಿಯ ಹಾಳೆಯಲ್ಲಿ ಸುತ್ತಿದ ಸುಶಿಗೆ ‘ಕಪ್ಪಮಾಕಿ’ ಎಂಬ ಹೆಸರಿದೆ. ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ 1910ರಲ್ಲಿ ಪ್ರಕಟಿಸಿದ ‘ತೋನೊ ಮೊನೊಗತಾರಿ’ ಎಂಬ ಸಂಗ್ರಹದಲ್ಲಿ ಇವಾತೆ ಪ್ರಾಂತ್ಯದ ತೋನೊ ಸೀಮೆಯ ಕಪ್ಪಗಳ ಪ್ರಸಂಗಗಳಿದ್ದು, ಬೇರೆಡೆಯ ಕಪ್ಪಗಳು ಹಸಿರು ಮೊಗದವೆಂದು ಹೇಳಲಾಗುತ್ತಿದ್ದರೆ ಇಲ್ಲಿಯವು ಕೆಂಪು ಮೊಗದವು. ಅದೇ ತೋನೊದ ಜೋಕೆನ್‌ಜಿ ಎಂಬ ಬೌದ್ಧ ದೇವಾಲಯಕ್ಕೆ ಬೆಂಕಿ ಬಿದ್ದಾಗ ಕಪ್ಪವೊಂದು ನೀರು ಚಿಮ್ಮಿಸಿ ಆರಿಸಿತೆಂಬ ಐತಿಹ್ಯವಿದ್ದು, ಅದರ ನೆನಪಿಗೆ ಅಲ್ಲಿನ ಕಾವಲು ನಾಯಿಯ ಶಿಲ್ಪದ ನೆತ್ತಿಯನ್ನು ತಟ್ಟೆಯ ಆಕಾರದಲ್ಲಿ ಕೆತ್ತಲಾಗಿದೆ.