ಮನೆ ಚಾವಣಿಯ ಸೌರ ವಿದ್ಯುತ್ ಮತ್ತು ಬ್ಯಾಟರಿ ಶೇಖರಣೆಯ ವೆಚ್ಚ

ಚಾವಣಿ ಸೌರ ವಿದ್ಯುತ್ ಘಟಕವು ಮನೆಯ ತಾರಸಿ ಅಥವಾ ಮಾಡಿನ ಮೇಲೆ ಅಳವಡಿಸಿದ ಫಲಕಗಳಿಂದ ನೇರ ವಿದ್ಯುತ್ತನ್ನು ಪಡೆದು, ಇನ್ವರ್ಟರ್ ಮೂಲಕ ಅದನ್ನು ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸುವ ವ್ಯವಸ್ಥೆಯಾಗಿದೆ. ಇದನ್ನು ಬ್ಯಾಟರಿಯೊಂದಿಗೆ ಅಥವಾ ಬ್ಯಾಟರಿಯಿಲ್ಲದೆ ಅಳವಡಿಸಬಹುದು. ಇವೆರಡರ ಆರ್ಥಿಕ ಲೆಕ್ಕಾಚಾರ ಬಹಳ ಭಿನ್ನವಾಗಿದೆ.

ಫಲಕಗಳ ವೆಚ್ಚ ಮತ್ತು ಸಹಾಯಧನ

ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಭಾರತ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಹಾಯಧನ ದೊರೆಯುತ್ತದೆ. ಗರಿಷ್ಠ ಮಿತಿ 78,000 ರೂ. ಯೋಜನೆಯ ಮಾನದಂಡ ಬೆಲೆಯಂತೆ 3 ಕಿಲೋವ್ಯಾಟ್ ಘಟಕಕ್ಕೆ 1,45,000 ರೂ. ಆಗುವುದರಿಂದ ಗ್ರಾಹಕರ ಪಾಲು 67,000 ರೂ. ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಗ್ರಾಹಕರೇ ಭರಿಸಬೇಕು. ಸಹಾಯಧನವು ಫಲಕಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು, ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ.

ಉಳಿತಾಯ

ಕರ್ನಾಟಕದಲ್ಲಿ ಒಂದು ಕಿಲೋವ್ಯಾಟ್ ಘಟಕದಿಂದ ದಿನಕ್ಕೆ ಸರಾಸರಿ 4 ಯೂನಿಟ್‌ನಷ್ಟು ವಿದ್ಯುತ್ ನಿರೀಕ್ಷಿಸಬಹುದು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಇದು ಗಣನೀಯವಾಗಿ ಇಳಿಯುತ್ತದೆ. ತೆಂಗಿನ ಮರದ ನೆರಳು, ಧೂಳುಗಳೂ ಉತ್ಪಾದನೆಯನ್ನು ಕುಗ್ಗಿಸುತ್ತವೆ. 3 ಕಿಲೋವ್ಯಾಟ್ ಘಟಕ ವರ್ಷಕ್ಕೆ 4,200 ಯೂನಿಟ್ ನೀಡಿದರೆ, 2024ರ ಏಪ್ರಿಲ್‌ನಲ್ಲಿ ರಾಜ್ಯದ ಗೃಹಬಳಕೆಗೆ ಜಾರಿಗೆ ಬಂದ ಯೂನಿಟ್‌ಗೆ 5.90 ರೂ. ದರದಲ್ಲಿ ಅದರ ಮೌಲ್ಯ ಸುಮಾರು 24,800 ರೂ. ಆಗುತ್ತದೆ. ಎಲ್ಲ ಯೂನಿಟ್‌ಗಳೂ ಈ ದರದಲ್ಲಿಯೇ ಬಿಲ್ಲಿನಿಂದ ಕಳೆದರೆ ಹೂಡಿಕೆ ಮೂರು ವರ್ಷದೊಳಗೆ ಮರಳುತ್ತದೆ. ಜಾಲಕ್ಕೆ ಹೋಗುವ ಹೆಚ್ಚುವರಿ ವಿದ್ಯುತ್ತಿಗೆ ಕಡಿಮೆ ದರ ಸಿಕ್ಕರೆ ಅವಧಿ ಹೆಚ್ಚುತ್ತದೆ. ನಿಗದಿತ ಶುಲ್ಕವನ್ನಂತೂ ಕಟ್ಟಲೇಬೇಕು.

ರಾಜ್ಯದ ಮಟ್ಟಿಗೆ ಇನ್ನೊಂದು ಅಂಶ ನಿರ್ಣಾಯಕವಾಗಿದೆ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಪ್ರಮಾಣ ಸೇರಿಸಿ, 200 ಯೂನಿಟ್ ಮೀರದಂತೆ ಮನೆಗಳಿಗೆ ಉಚಿತ ವಿದ್ಯುತ್ ದೊರೆಯುತ್ತದೆ. ಶೂನ್ಯ ಬಿಲ್ ಬರುವ ಮನೆಗೆ ಸೌರಘಟಕದಿಂದ ಉಳಿಸಲು ಬಿಲ್ಲೇ ಇರುವುದಿಲ್ಲ. ತಿಂಗಳಿಗೆ 200 ಯೂನಿಟ್ ಮೀರಿ ಪೂರ್ತಿ ಬಿಲ್ ಕಟ್ಟುವ ಮನೆಗಳಿಗೇ ಮೇಲಿನ ಲೆಕ್ಕ ಹೆಚ್ಚು ಅನ್ವಯಿಸುತ್ತದೆ.

ಬ್ಯಾಟರಿ

ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್, ತಂತಿ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಕರೆಂಟು ಹೋದೊಡನೆ ತಾನೂ ಸ್ಥಗಿತಗೊಳ್ಳುತ್ತದೆ. ಹೀಗಾಗಿ ಬ್ಯಾಟರಿಯಿಲ್ಲದ ಮನೆಯಲ್ಲಿ ಸುಡುಬಿಸಿಲಿನಲ್ಲಿಯೂ ಫ್ಯಾನು ನಿಂತುಹೋಗುತ್ತದೆ. ಹಲವರಿಗೆ ಇದು ಅಳವಡಿಸಿದ ಮೇಲಷ್ಟೇ ತಿಳಿಯುತ್ತದೆ. ಇದನ್ನು ತಪ್ಪಿಸಲು ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು.

ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 150 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಸುತ್ತದೆ. ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧದಷ್ಟನ್ನೇ ಬಳಸುವುದು ಒಳ್ಳೆಯದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ಕ್ಕೂ ಹೆಚ್ಚು ಬಳಸಬಹುದು, ಬಾಳಿಕೆಯೂ ದೀರ್ಘ, ಆದರೆ ಬೆಲೆ ಹೆಚ್ಚು. ಉದಾಹರಣೆಗೆ, 5 ಯೂನಿಟ್ ಸಾಮರ್ಥ್ಯದ ಇಂತಹ ಬ್ಯಾಟರಿಗೆ ಒಂದು ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಪ್ರತಿ ಆವರ್ತಕ್ಕೆ 4 ಯೂನಿಟ್‌ನಂತೆ 4,000 ಆವರ್ತ ಬಾಳಿದರೆ ಒಟ್ಟು 16,000 ಯೂನಿಟ್ ದೊರೆಯುತ್ತದೆ. ಅಂದರೆ ಶೇಖರಣೆಗೇ ಯೂನಿಟ್‌ಗೆ 6.25 ರೂ. ತಗಲುತ್ತದೆ, ಇದು ಜಾಲದ ದರಕ್ಕಿಂತ ಹೆಚ್ಚು. ನೆಟ್ ಮೀಟರಿಂಗ್ ಇರುವಲ್ಲಿ ಜಾಲವೇ ಬ್ಯಾಟರಿಯಂತೆ ಕೆಲಸ ಮಾಡುವುದರಿಂದ ಬಿಲ್ ಇಳಿಸಲೆಂದೇ ಬ್ಯಾಟರಿ ಕೊಳ್ಳುವುದು ಲಾಭಕರವಲ್ಲ.

ದೀರ್ಘಕಾಲ ವಿದ್ಯುತ್ ಕಡಿತವಾಗುವ ಊರುಗಳಲ್ಲಿ, ಡೀಸೆಲ್ ಜನರೇಟರ್ ಬಳಸುವ ಅಥವಾ ವೈದ್ಯಕೀಯ ಉಪಕರಣ ಅವಲಂಬಿಸಿದ ಮನೆಗಳಲ್ಲಿ ಲೆಕ್ಕ ಬದಲಾಗುತ್ತದೆ. ಆಗಲೂ ಬೋರ್‌ವೆಲ್ ಮೋಟಾರು, ಗೀಸರ್‌ಗಳನ್ನು ಹೊರಗಿಟ್ಟು ದೀಪ, ಫ್ಯಾನು, ಫ್ರಿಜ್‌ಗಳಿಗಷ್ಟೇ ಬ್ಯಾಟರಿ ಸಂಪರ್ಕ ಕೊಟ್ಟರೆ ಚಿಕ್ಕ ಬ್ಯಾಟರಿ ಸಾಕಾಗುತ್ತದೆ.