ಕಂಬಳಿಯೂ ಕಡಲೂ

ಉಡುಗೆ ಅಲಂಕಾರಕ್ಕೋ ರಕ್ಷಣೆಗೋ ಎಂಬ ಚರ್ಚೆ ನೆಲದ ಮೇಲಿರುವವರಿಗೆ ಮಾತ್ರ ಸಾಧ್ಯ. ಹಾಯಿದೋಣಿಯೇರಿ ಮಹಾಸಾಗರವನ್ನು ದಾಟುವವರಿಗೆ ಉಡುಗೆಯೇ ಮನೆ, ಉಡುಗೆಯೇ ಒಲೆ. 2017ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು, ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ಬಳಸಿ, 2018ರ ಮೇ ತಿಂಗಳಲ್ಲಿ ಹಿಂದಿರುಗಿದರು. ಅಂಥ ಯಾನಕ್ಕೆ ಏನನ್ನು ಉಡಬೇಕು? ಆಳಂದದ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಕಡಲನ್ನೇ ಕಂಡವರಲ್ಲ. ಆದರೂ ಈ ಪ್ರಶ್ನೆ ಅವರಿಗೆ ಪರಕೀಯವಲ್ಲವೆಂದು ನನ್ನ ನಂಬಿಕೆ.

ಕಡಲಿಗೆ ಹೊರಡುವವನು ಮೊದಲು ಬಿಡಬೇಕಾದುದು ನಮ್ಮೆಲ್ಲರ ಮೆಚ್ಚಿನ ಹತ್ತಿಯನ್ನು. ಬಿಸಿಲಿಗೆ ಅದಕ್ಕೆ ಸಮನಿಲ್ಲ. ಆದರೆ ನೀರನ್ನು ಹೀರಿದರೆ ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುವುದರಿಂದ ಒದ್ದೆ ಅಂಗಿ ಮೈಯ ಕಾವನ್ನು ಕದಿಯುವ ಕಳ್ಳನಾಗುತ್ತದೆ. ಆದುದರಿಂದ ನಾವಿಕರು ಮೂರು ಪದರಗಳನ್ನು ತೊಡುತ್ತಾರೆ: ಬೆವರನ್ನು ಹೊರಗೆ ಸಾಗಿಸುವ ತೆಳು ಒಳ ಅಂಗಿ, ಕಾವನ್ನು ಹಿಡಿದಿಡುವ ಉಣ್ಣೆಯಂಥ ನಡುವಂಗಿ, ಗಾಳಿಮಳೆಗಳನ್ನು ತಡೆಯುವ ಹೊರ ಅಂಗಿ. ಕೊರಳು, ಮಣಿಕಟ್ಟುಗಳಲ್ಲಿ ಬಿಗಿಯಾದ ಪಟ್ಟಿ ಇಲ್ಲದಿದ್ದರೆ ಎಷ್ಟು ಬೆಲೆಯ ಅಂಗಿಯಾದರೂ ವ್ಯರ್ಥ.

ನಡುಪದರದ ಗುಟ್ಟನ್ನು ನಮ್ಮ ಕುರಿಗಾಹಿ ಎಂದೋ ಬಲ್ಲ. ಡೆಕ್ಕನಿ ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದ ಕರಿಕಂಬಳಿ ತೋಯ್ದರೂ ಬೆಚ್ಚಗಿರುತ್ತದೆ. ಎಳೆಗಳ ನಡುವೆ ಸಿಕ್ಕ ಗಾಳಿಯೇ ಅದರ ಕಾವಲು. ಹೊರಪದರದ ಕಥೆಯೂ ನಮ್ಮ ಅಡುಗೆಮನೆಗೆ ದೂರವಲ್ಲ. 19ನೆಯ ಶತಮಾನದ ಯುರೋಪಿನ ನಾವಿಕರು ಬಟ್ಟೆಗೆ ಅಗಸೆಯೆಣ್ಣೆ ಬಳಿದು ಒಣಗಿಸಿ ಮಳೆಯಂಗಿ ಮಾಡಿಕೊಳ್ಳುತ್ತಿದ್ದರು. ಜೋಳದ ರೊಟ್ಟಿಯೊಡನೆ ನಾವು ತಿನ್ನುವ ಅಗಸಿ ಹಿಂಡಿಯ ಬೀಜದ ಎಣ್ಣೆಯೇ ಅದು! ಇಂದು ಆ ಸ್ಥಾನಕ್ಕೆ ನೈಲಾನ್ ಬಂದಿದೆ.

ಆದರೆ ಹೋಲಿಕೆಗೂ ಮಿತಿಯುಂಟು. ನೆನೆದ ಕಂಬಳಿ ಬಲುಭಾರ. ಕುರಿಗಾಹಿ ಅದನ್ನು ಕೊಡವಿ ಮರದಡಿ ನಿಂತಾನು, ನಾವಿಕನಿಗೆ ಮರವೆಲ್ಲಿ? ಬಣ್ಣದ ಮಾತೂ ಹಾಗೆಯೇ. ನೀಲಿಯಂಗಿ ತೊಟ್ಟು ಅಲೆಗೆ ಬಿದ್ದವನು ಒಡನಾಡಿಗಳ ಕಣ್ಣಿಗೆ ಬೇಗನೆ ಮರೆಯಾಗುತ್ತಾನೆ. ಕಿತ್ತಳೆಯೋ ಹಳದಿಯೋ ಆದರೆ ಉಳಿಯುವ ಆಸೆಯಿದೆ. ಅಂಗಿಯ ಮೇಲೊಂದು ಪಟ್ಟಿ ಬಿಗಿದು, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳುವುದೂ ಈ ಕಾರಣಕ್ಕಾಗಿಯೇ.

ಈಗ ನಮ್ಮ ಹೊಲಗಳಲ್ಲಿ ಕಂಬಳಿಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬರುತ್ತಿದೆ. ಅದು ಹಗುರ, ಅಗ್ಗ. ಮಳೆಯನ್ನು ತಡೆದೀತು, ಕಾವನ್ನು ಕೊಡಲಾರದು. ನಾವಿಕ ಹೊಸದನ್ನು ಮೇಲೆ ಹೊದ್ದು ಉಣ್ಣೆಯನ್ನು ಒಳಗೆ ಉಳಿಸಿಕೊಂಡ. ನಾವು ಒಂದನ್ನು ಪಡೆದು ಇನ್ನೊಂದನ್ನು ಬಿಡುತ್ತಿದ್ದೇವೆ. ಮಗ್ಗದ ಕುಣಿ ಮುಚ್ಚಿದರೆ ಅದರೊಡನೆ ಗಂಜಿಯ ಹದವೂ ನೂಲಿನ ಹದವೂ ಮುಚ್ಚಿಹೋದಂತೆಯೇ. ಆಳಂದದಿಂದಲೂ ತರುಣ ತರುಣಿಯರು ಕಡಲಿಗೆ ಹೊರಡಲಿ. ಹೊರಡುವ ಮುನ್ನ ಅಜ್ಜನ ಕಂಬಳಿಯನ್ನೊಮ್ಮೆ ಮುಟ್ಟಿ ನೋಡಲಿ.